ಶುಂಠಿಯ ಕಟುಸತ್ತ್ವದ ಚರಿತ್ರೆ

ಶುಂಠಿಯನ್ನು ಅರಿಯದ ಮನೆ ನಮ್ಮ ನಾಡಿನಲ್ಲಿ ಒಂದೂ ಇರಲಾರದು. ನೆಗಡಿ ಬಂದರೆ ಶುಂಠಿಯ ಕಷಾಯ. ಅಜೀರ್ಣವಾದರೆ ಉಪ್ಪು ಸವರಿದ ಹಸಿ ಶುಂಠಿಯ ಚೂರು. ಬಾಣಂತಿಗೆ ಒಣಶುಂಠಿಯ ಪುಡಿ ಮತ್ತು ಬೆಲ್ಲ. ಶ್ರೀರಾಮನವಮಿಯ ಪಾನಕಕ್ಕೂ ಶುಂಠಿಯ ಸೋಂಕಿಲ್ಲದೆ ರುಚಿಯಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲುಂಟಾದರೂ, ಶುಂಠಿಯ ಮಟ್ಟಿಗೆ ಆ ಮಾತು ಸಲ್ಲುವುದಿಲ್ಲ. ನೆರೆಯ ತಮಿಳರಂತೂ ಒಣಶುಂಠಿಯನ್ನು ಮೀರಿದ ಮದ್ದಿಲ್ಲ, ಸುಬ್ರಹ್ಮಣ್ಯನನ್ನು ಮೀರಿದ ದೇವರಿಲ್ಲವೆಂದು ಗಾದೆಯನ್ನೇ ಕಟ್ಟಿರುವರು.

ಇಷ್ಟು ಪರಿಚಿತವಾದ ವಸ್ತುವಿನಲ್ಲಿ ಹೇಳತಕ್ಕ ಚರಿತ್ರೆಯೇನಿದೆಯೆಂದು ಕೆಲವರು ಕೇಳಬಹುದು. ಚರಿತ್ರೆಯು ಒಂದು ಸರಳವಾದ ಪ್ರಶ್ನೆಯಿಂದ ಮೊದಲಾಗುತ್ತದೆ. ಶುಂಠಿಯಲ್ಲಿ ಕೆಲಸ ಮಾಡುವುದು ಯಾವುದು? ಕೊಂಡ ಶುಂಠಿಯಲ್ಲಿ ಅದು ಇದೆಯೆಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಗೆ ವೈದ್ಯನು ನಾಲಗೆಯಿಂದ ಉತ್ತರ ಹೇಳಿದನು. ವರ್ತಕನು ಊರಿನ ಹೆಸರಿನಿಂದ ಹೇಳಿದನು. ಸರಕಾರದ ಅಧಿಕಾರಿಯು ತಕ್ಕಡಿಯಿಂದ ಹೇಳಿದನು. ರಸಾಯನಶಾಸ್ತ್ರಜ್ಞನು ವಸ್ತುವನ್ನೇ ಬಿಡಿಸಿ ನೋಡಿ ಹೇಳಿದನು. ಈ ನಾಲ್ಕು ಉತ್ತರಗಳಲ್ಲಿ ಒಂದನ್ನು ನಂಬಿ ಸಹಸ್ರಾರು ಜನರು ಕಾಲು ಕಳೆದುಕೊಂಡ ಪ್ರಸಂಗವೂ ನಡೆದುಹೋಗಿದೆ. ಆದುದರಿಂದ ಈ ವಿಚಾರವು ಕೇವಲ ಕುತೂಹಲದ್ದಲ್ಲ.

ಮೊದಲು ನಾಲಗೆಯ ಸಾಕ್ಷ್ಯವನ್ನು ಕೇಳೋಣ. ನಮ್ಮ ಭಾಷೆಗಳಲ್ಲಿ ಈ ಒಂದೇ ಗಡ್ಡೆಗೆ ಎರಡೆರಡು ಹೆಸರುಗಳಿರುವುದನ್ನು ಗಮನಿಸಬೇಕು. ಸಂಸ್ಕೃತದಲ್ಲಿ ಹಸಿಯಾದುದು ಆರ್ದ್ರಕ, ಒಣಗಿದುದು ಶುಂಠಿ. ತಮಿಳಿನಲ್ಲಿ ಇಂಜಿ ಮತ್ತು ಚುಕ್ಕು. ತೆಲುಗಿನಲ್ಲಿ ಅಲ್ಲಂ ಮತ್ತು ಸೊಂಠಿ. ಹಿಂದಿಯಲ್ಲಿ ಅದರಕ್ ಮತ್ತು ಸೋಂಠ್. ಕನ್ನಡದ ಉತ್ತರ ಜಿಲ್ಲೆಗಳಲ್ಲಿ ಹಸಿಯದನ್ನು ಅಲ್ಲವೆಂದೂ ಒಣಗಿದುದನ್ನು ಶುಂಠಿಯೆಂದೂ ಕರೆಯುವರು. ದಕ್ಷಿಣದವರಾದ ನಾವು ಒಂದೇ ಹೆಸರನ್ನಿಟ್ಟುಕೊಂಡರೂ ಹಸಿ, ಒಣ ಎಂಬ ವಿಶೇಷಣಗಳನ್ನು ಬಿಡುವುದಿಲ್ಲ. ಮಾವಿನಕಾಯಿಯನ್ನು ಒಣಗಿಸಿದ ಮಾತ್ರಕ್ಕೆ ಅದಕ್ಕೆ ಬೇರೆ ಮರದ ಹೆಸರನ್ನು ಯಾರೂ ಕೊಡರು. ಶುಂಠಿಗೆ ಮಾತ್ರ ಇಂತಹ ಭೇದವು ಏಕೆ ಬಂದಿತು? ಬಳಸಿದವರಿಗೆ ಅವೆರಡೂ ಬೇರೆ ಬೇರೆ ದ್ರವ್ಯಗಳಾಗಿ ತೋರಿದುದರಿಂದಲೇ ಬಂದಿತೆಂದು ಹೇಳಬೇಕು.

ಆಯುರ್ವೇದವು ಈ ಭೇದವನ್ನು ಶಾಸ್ತ್ರವಾಗಿ ಬೆಳೆಸಿತು. ಒಣಶುಂಠಿಗೆ ನಾಗರ, ಮಹೌಷಧ, ವಿಶ್ವಭೇಷಜ ಎಂಬ ಪರ್ಯಾಯನಾಮಗಳುಂಟು. ವಿಶ್ವಭೇಷಜವೆಂದರೆ ಸರ್ವರಿಗೂ ಸರ್ವಕ್ಕೂ ಮದ್ದು. ಮೆಣಸು, ಹಿಪ್ಪಲಿಗಳೊಡನೆ ಸೇರಿ ತ್ರಿಕಟುವೆನಿಸುವುದು ಈ ಒಣಶುಂಠಿಯೇ. ಅದರ ರಸವು ಕಟು, ವೀರ್ಯವು ಉಷ್ಣ, ಆದರೆ ವಿಪಾಕವು ಮಧುರವೆಂದು ವೈದ್ಯರು ನಿರ್ಣಯಿಸಿದರು. ಎಂದರೆ ನಾಲಗೆಯ ಮೇಲೆ ಉರಿದರೂ ಜೀರ್ಣವಾದ ಬಳಿಕ ಸೌಮ್ಯವಾಗುವುದೆಂದು ಅವರ ಅಭಿಪ್ರಾಯ. ನಮ್ಮ ಜೈನರ ಆಚಾರದಲ್ಲಿಯೂ ಈ ಭೇದದ ಗುರುತು ಉಳಿದಿದೆ. ನೆಲದಡಿಯ ಹಸಿ ಗಡ್ಡೆಯನ್ನು ತಿನ್ನದ ಜೈನರಲ್ಲಿ ಅನೇಕರು ಒಣಶುಂಠಿಯನ್ನು ಮದ್ದಿಗೂ ಅಡುಗೆಗೂ ಬಳಸುವರು. ದೂರದ ಚೀನದ ವೈದ್ಯರೂ ಹಸಿ ಶುಂಠಿ ಮತ್ತು ಒಣಶುಂಠಿಗಳನ್ನು ಎರಡು ಮದ್ದುಗಳಾಗಿಯೇ ಎಣಿಸಿರುವರು. ಕನ್‌ಫ್ಯೂಷಿಯಸನ ಊಟದಲ್ಲಿ ಶುಂಠಿಯು ತಪ್ಪದೆ ಇರುತ್ತಿತ್ತೆಂದು ಅವನ ಶಿಷ್ಯರು ಬರೆದಿಟ್ಟಿರುವರು.

ನಾಲಗೆಯ ಈ ಅರಿವು ಗಡ್ಡೆಯು ಬೆಳೆಯುವ ನಾಡಿನವರದು. ಅದು ಬೆಳೆಯದ ನಾಡಿನವರಿಗೆ ಶುಂಠಿಯು ಒಂದು ಹೆಸರಾಗಿ ಮಾತ್ರ ತಲುಪಿತು. ಆ ಹೆಸರಿನ ಪ್ರಯಾಣವು ಸ್ವಾರಸ್ಯವಾದುದು. ಸಂಸ್ಕೃತದ ಶೃಂಗವೇರ, ಪಾಳಿಯ ಸಿಂಗಿವೇರ, ಗ್ರೀಕಿನ ಜಿಂಗಿಬೆರಿಸ್, ಅರಬ್ಬಿಯ ಜಂಜಬೀಲ್, ಇಂಗ್ಲಿಷಿನ ಜಿಂಜರ್ ಇವೆಲ್ಲವೂ ಒಂದೇ ಮಾತಿನ ರೂಪಾಂತರಗಳು. ಕೊಂಬಿನಂತೆ ಕವಲೊಡೆದಿರುವುದರಿಂದ ಶೃಂಗವೇರವಾಯಿತೆಂದು ಪೂರ್ವದವರು ಹೇಳಿದರೂ, ಆ ಪದದ ಮೂಲವು ದ್ರಾವಿಡವೆಂದು ಭಾಷಾಶಾಸ್ತ್ರಜ್ಞರಲ್ಲಿ ಹಲವರು ಎಣಿಸುವರು. ಅವರ ಮತದಂತೆ ಮೊದಲರ್ಧವು ಇಂಜಿ. ಕೊನೆಯ ವೇರವು ನಮ್ಮ ಬೇರಿನ ಒಡಹುಟ್ಟು. ಹಾಗಿದ್ದಲ್ಲಿ ಲಂಡನ್ನಿನ ಅಂಗಡಿಯಲ್ಲಿ ಜಿಂಜರೆಂದು ಕೇಳುವವನ ಬಾಯಲ್ಲಿಯೂ ದಕ್ಷಿಣದ ಒಂದು ಬೇರು ಅಡಗಿದೆ.

ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ವೈದ್ಯನಾದ ಡಯಾಸ್ಕೊರಿಡೀಸನು ಶುಂಠಿಯು ದೇಹಕ್ಕೆ ಬಿಸಿಯನ್ನು ಕೊಡುವುದೆಂದೂ, ಅನ್ನವನ್ನು ಅರಗಿಸುವುದೆಂದೂ ಬರೆದನು. ಅವನ ಸಮಕಾಲೀನನಾದ ರೋಮಿನ ಪ್ಲಿನಿಯು, ಶುಂಠಿಯು ಮೆಣಸಿನ ಗಿಡದ ಬೇರೆಂದು ಕೆಲವರು ತಿಳಿದಿರುವುದು ತಪ್ಪೆಂದು ತಿದ್ದಿ, ಅದರ ಬೆಲೆಯು ಪೌಂಡಿಗೆ ೬ ದಿನಾರಿಯಸ್ ಎಂದು ನಮೂದಿಸಿದನು. ಆಗ ಕರಿಮೆಣಸಿನ ಬೆಲೆ ೪ ದಿನಾರಿಯಸ್. ಆದರೆ ಶುಂಠಿಯು ಅರೇಬಿಯದಲ್ಲಿಯೂ ಕೆಂಪು ಸಮುದ್ರದ ಆಚೆಯ ದಡದಲ್ಲಿಯೂ ಬೆಳೆಯುವುದೆಂದು ಇವರಿಬ್ಬರೂ ನಂಬಿದ್ದರು. ಸರಕು ಯಾರ ಹಡಗಿನಿಂದ ಇಳಿಯುತ್ತಿದ್ದಿತೋ ಅವರ ನಾಡೇ ಅದರ ತವರೆಂದು ಕೊಳ್ಳುವವರು ಭಾವಿಸುವುದು ಸಹಜ. ಅರಬರಿಗೆ ಅದು ಎಷ್ಟು ಪ್ರಿಯವಾದ ವಸ್ತುವೆಂಬುದು ಪವಿತ್ರ ಕುರಾನಿನಿಂದ ತಿಳಿದುಬರುತ್ತದೆ. ಅದರ ೭೬ನೆಯ ಅಧ್ಯಾಯದಲ್ಲಿ ಸ್ವರ್ಗದ ಪಾನಪಾತ್ರೆಗೆ ಶುಂಠಿಯು ಬೆರೆತಿರುವ ಮಾತು ಬರುತ್ತದೆ.

ಮಧ್ಯಯುಗದ ವರ್ತಕರು ಇನ್ನೂ ಜಾಣರಾದರು. ೧೪ನೆಯ ಶತಮಾನದ ಫ್ಲಾರೆನ್ಸಿನ ವರ್ತಕನಾದ ಪೆಗೊಲೊಟ್ಟಿಯ ವ್ಯಾಪಾರದ ಕೈಪಿಡಿಯಲ್ಲಿ ಶುಂಠಿಗೆ ಮೂರು ದರ್ಜೆಗಳಿವೆ. ಬೆಲ್ಲೆದಿ ಎಂಬುದು ಅರಬ್ಬಿಯ ಬಲದಿ, ಎಂದರೆ ನಾಡಿನದು. ಕೊಲೊಂಬಿನೊ ಎಂಬುದು ಕೊಲ್ಲಂ ಪಟ್ಟಣದ್ದು. ಮಿಕ್ಕಿನೊ ಎಂಬುದು ಮೆಕ್ಕದ ಹೆಸರಿನದು. ಅವನಿಗಿಂತ ಮುಂಚೆಯೇ ಮಾರ್ಕೊ ಪೋಲೊ ಕೊಲ್ಲಂ ಶುಂಠಿಯನ್ನು ಹೊಗಳಿದ್ದನು. ಹೀಗೆ ಊರಿನ ಹೆಸರೇ ಗುಣದ ಮುದ್ರೆಯಾಯಿತು. ಊರಿನ ಹೆಸರನ್ನು ನಂಬುವುದರಲ್ಲಿ ಒಂದು ವಿವೇಕವುಂಟು. ಏಕೆಂದರೆ ಮಣ್ಣು, ಮಳೆ, ಒಣಗಿಸುವ ಕ್ರಮ ಇವುಗಳಿಂದ ಗುಣವು ಮಾರ್ಪಡುತ್ತದೆ. ಆದರೆ ಹೆಸರನ್ನು ಯಾರು ಬೇಕಾದರೂ ಹೇಳಬಹುದು. ಸತ್ತ್ವವು ಹಾಗೆ ಹೇಳಿದರೆ ಬರತಕ್ಕದ್ದಲ್ಲ.

೧೬ನೆಯ ಶತಮಾನದಲ್ಲಿ ಸ್ಪೇನಿನವರು ಶುಂಠಿಯ ಗಡ್ಡೆಯನ್ನು ವೆಸ್ಟ್ ಇಂಡೀಸಿನ ದ್ವೀಪಗಳಿಗೆ ಒಯ್ದು ನೆಟ್ಟರು. ಬೀಜವಿಲ್ಲದೆ ಗಡ್ಡೆಯ ತುಂಡಿನಿಂದಲೇ ಹಬ್ಬುವ ಬೆಳೆಯಾದುದರಿಂದ ಅದನ್ನು ಸಾಗಿಸುವುದು ಸುಲಭವಾಯಿತು. ಮುಂದೆ ಇಂಗ್ಲಿಷರ ವಶವಾದ ಜಮೈಕದಲ್ಲಿ ಗುಲಾಮರ ದುಡಿಮೆಯಿಂದ ಈ ಬೆಳೆಯು ಬೆಳೆಯಿತು. ಸಿಪ್ಪೆಯನ್ನು ಕೈಯಿಂದ ಹೆರೆದು ಬಿಸಿಲಿನಲ್ಲಿ ಒಣಗಿಸಿದ ಜಮೈಕದ ಬಿಳಿ ಶುಂಠಿಯು ಇಂಗ್ಲೆಂಡಿನ ಪೇಟೆಯಲ್ಲಿ ಶ್ರೇಷ್ಠವೆನಿಸಿತು. ಕೊಚ್ಚಿ ಮತ್ತು ಕಲ್ಲಿಕೋಟೆಗಳ ಶುಂಠಿಯು ಅದರ ನಂತರದ ಸ್ಥಾನವನ್ನು ಪಡೆಯಿತು. ಶುಂಠಿಗೆ ಜಿಂಜಿಬರ್ ಅಫಿಸಿನಾಲೆ ಎಂಬ ಶಾಸ್ತ್ರೀಯ ನಾಮವನ್ನು ೧೮೦೭ರಲ್ಲಿ ಕೊಟ್ಟವನು ಲಿವರ್‌ಪೂಲಿನ ವಿಲಿಯಂ ರಾಸ್ಕೊ. ಅಫಿಸಿನಾಲೆ ಎಂದರೆ ಔಷಧದ ಅಂಗಡಿಯದು. ಅದೇ ವರ್ಷ ಅದೇ ರಾಸ್ಕೊ, ಗುಲಾಮರ ವ್ಯಾಪಾರದಿಂದ ಬೆಳೆದ ಆ ಪಟ್ಟಣದ ಪ್ರತಿನಿಧಿಯಾಗಿದ್ದರೂ, ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆ ವ್ಯಾಪಾರವನ್ನು ನಿಲ್ಲಿಸುವ ಪಕ್ಷಕ್ಕೆ ಮತವನ್ನು ಕೊಟ್ಟನು.

೧೯ನೆಯ ಶತಮಾನದಲ್ಲಿ ಪಾಶ್ಚಾತ್ಯ ವೈದ್ಯರು ಶುಂಠಿಯನ್ನು ಮದ್ಯಸಾರದಲ್ಲಿ ನೆನೆಹಾಕಿ ಇಳಿಸಿದ ಟಿಂಚರನ್ನು ಹೊಟ್ಟೆಯ ಉಬ್ಬರಕ್ಕೂ ಶೂಲೆಗೂ ಕೊಡುತ್ತಿದ್ದರು. ಜೊತೆಗೆ ಜಿಂಜರ್ ಬಿಯರ್ ಎಂಬ ಪಾನೀಯವೂ ಪ್ರಚಾರಕ್ಕೆ ಬಂದಿತು. ಇದರಿಂದ ಒಂದು ಹೊಸ ಮೋಸಕ್ಕೆ ದಾರಿಯಾಯಿತು. ಪಾನೀಯಕ್ಕಾಗಿಯೂ ಟಿಂಚರಿಗಾಗಿಯೂ ಸಾರವನ್ನು ಹಿಂಡಿ ತೆಗೆದ ಚರಟವನ್ನು ಒಣಗಿಸಿ, ಪುಡಿಮಾಡಿ, ಒಳ್ಳೆಯ ಪುಡಿಯೊಡನೆ ಬೆರಸಿ ಮಾರುವವರು ಹುಟ್ಟಿಕೊಂಡರು. ಅದು ಶುಂಠಿಯೇ, ಬೇರೆ ವಸ್ತುವಲ್ಲ. ಬಣ್ಣವುಂಟು, ತೂಕವುಂಟು, ಇಲ್ಲದ್ದು ಸತ್ತ್ವ ಮಾತ್ರ. ಹಾಗಾದರೆ ಆ ಸತ್ತ್ವವೆಂಬುದು ಯಾವುದು?

ಇದಕ್ಕೆ ಮೊದಲ ಉತ್ತರವನ್ನು ಕೊಟ್ಟವನು ಇಂಗ್ಲೆಂಡಿನ ಜಾನ್ ಕ್ಲಫ್ ಥ್ರೆಷ್. ೧೮೭೯ರಲ್ಲಿ ಅವನು ಶುಂಠಿಯಿಂದ ಖಾರವಾದ ಎಣ್ಣೆಯಂತಹ ಒಂದು ದ್ರವ್ಯವನ್ನು ಬೇರ್ಪಡಿಸಿ ಅದಕ್ಕೆ ಜಿಂಜೆರಾಲ್ ಎಂದು ಹೆಸರಿಟ್ಟನು. ಶುಂಠಿಯ ಪರಿಮಳವು ಒಂದು, ಖಾರವು ಮತ್ತೊಂದೆಂಬುದು ಆಗ ಸ್ಪಷ್ಟವಾಯಿತು. ಪರಿಮಳವು ಆವಿಯಾಗಿ ಹಾರುವ ತೈಲದ್ದು. ಖಾರವು ಹಾರದೆ ಉಳಿಯುವ ಜಿಂಜೆರಾಲಿನದು. ಹಳೆಯ ಶುಂಠಿಯು ವಾಸನೆಯನ್ನು ಕಳೆದುಕೊಂಡರೂ ಖಾರವನ್ನು ಬಿಡದಿರುವುದಕ್ಕೆ ಇದೇ ಕಾರಣ. ಥ್ರೆಷನು ಮುಂದೆ ಎಸೆಕ್ಸ್ ಪ್ರಾಂತದ ಆರೋಗ್ಯಾಧಿಕಾರಿಯಾಗಿ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಪ್ರಸಿದ್ಧನಾದನು.

೧೯೧೭ರಲ್ಲಿ ಒಂದರ ಹಿಂದೊಂದು ಎರಡು ಶೋಧನೆಗಳು ಪ್ರಕಟವಾದವು. ಇಂಗ್ಲೆಂಡಿನಲ್ಲಿ ಲಾಪ್‌ವರ್ತ್ ಮತ್ತು ಅವನ ಸಂಗಡಿಗರು ಜಿಂಜೆರಾಲನ್ನು ಒಡೆದು ಅದರ ರಚನೆಯನ್ನು ನಿರೂಪಿಸಿದರು. ಜಪಾನಿನ ಹಿರೋಷಿ ನೊಮುರ ಜಿಂಜೆರೋನ್ ಎಂಬ ದ್ರವ್ಯವನ್ನು ವರ್ಣಿಸಿದನು. ಮತ್ತೆ ಸ್ವಲ್ಪ ಕಾಲದಲ್ಲಿಯೇ ಇನ್ನೊಂದು ಖಾರದ ದ್ರವ್ಯಕ್ಕೆ, ಜಪಾನಿನಲ್ಲಿ ಶುಂಠಿಯ ಹೆಸರಾದ ಶೋಗ ಎಂಬುದರಿಂದ, ಶೋಗಾವೋಲ್ ಎಂಬ ಹೆಸರು ಅವನಿಂದ ಬಂದಿತು. ಇವೆಲ್ಲವುಗಳ ಪರಸ್ಪರ ಸಂಬಂಧವನ್ನು ೧೯೬೯ರಲ್ಲಿ ಆಸ್ಟ್ರೇಲಿಯದ ಕಾನೆಲ್ ಮತ್ತು ಸದರ್ಲೆಂಡ್ ಎಂಬವರು ಮರುಪರಿಶೀಲಿಸಿ ತಿಳಿಗೊಳಿಸಿದರು.

ಆ ಸಂಬಂಧವನ್ನು ಸಾಧ್ಯವಾದಷ್ಟು ಸುಲಭವಾಗಿ ಹೇಳುವೆವು. ಹಸಿ ಶುಂಠಿಯಲ್ಲಿ ಹೆಚ್ಚಾಗಿರುವುದು ಜಿಂಜೆರಾಲ್. ಒಣಗಿಸಿದಾಗಲೂ ಬಹುಕಾಲ ಇಟ್ಟಾಗಲೂ ಜಿಂಜೆರಾಲಿನ ಒಂದೊಂದು ಅಣುವಿನಿಂದ ನೀರಿನ ಒಂದೊಂದು ಅಣುವು ಕಳಚಿಕೊಂಡು ಅದು ಶೋಗಾವೋಲ್ ಆಗುತ್ತದೆ. ಗಡ್ಡೆಯ ಮೈಯಿಂದ ತೇವವು ಆರಿಹೋಗುವುದು ಬೇರೆ. ಇದು ಸತ್ತ್ವದ ಒಡಲಿನೊಳಗಿಂದಲೇ ನೀರು ಹೊರಡುವ ಕ್ರಿಯೆ. ಹೀಗೆ ಹುಟ್ಟಿದ ಶೋಗಾವೋಲ್ ಜಿಂಜೆರಾಲಿಗಿಂತ ಹೆಚ್ಚು ಖಾರವಾದುದು. ಹಸಿ ಶುಂಠಿಯನ್ನು ಬೇಯಿಸಿದಾಗಲಾದರೋ ಜಿಂಜೆರಾಲಿನ ಒಂದು ಭಾಗವು ಒಡೆದು ಜಿಂಜೆರೋನ್ ಆಗುತ್ತದೆ. ಅದು ಸೌಮ್ಯ, ಕಂಪಿನಲ್ಲಿ ಸಿಹಿಯ ಛಾಯೆಯುಳ್ಳದ್ದು. ಹಸಿ ಶುಂಠಿಯ ಚುರುಕು, ಒಣಶುಂಠಿಯ ಗಂಟಲುರಿ, ಬೇಯಿಸಿದ ಶುಂಠಿಯ ಮೃದುತ್ವ ಇವು ಮೂರೂ ಮೂರು ದ್ರವ್ಯಗಳ ಕೆಲಸವೆಂದಾಯಿತು. ಹಸಿಗೊಂದು, ಒಣಗಿದುದಕ್ಕೊಂದು ಹೆಸರಿಟ್ಟ ನಮ್ಮ ಪೂರ್ವಿಕರ ನಾಲಗೆಯು ತಪ್ಪಲಿಲ್ಲ. ಅವರು ಭೇದವನ್ನು ಕಂಡಿದ್ದರು. ಕಾರಣವು ತಿಳಿಯುವುದಕ್ಕೆ ಪ್ರಯೋಗಶಾಲೆಯು ಬೇಕಾಯಿತು.

ಉಷ್ಣವೀರ್ಯವೆಂಬ ಮಾತಿಗೂ ಇತ್ತೀಚೆಗೆ ಒಂದು ಬೆಳಕು ದೊರೆತಿದೆ. ಜಿಂಜೆರಾಲ್, ಶೋಗಾವೋಲ್‌ಗಳು ಮೆಣಸಿನಕಾಯಿಯ ಖಾರದ ದ್ರವ್ಯಕ್ಕೆ ರಚನೆಯಲ್ಲಿ ಸಮೀಪದ ಬಂಧುಗಳು. ೧೯೯೭ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಎಂಬವರ ಪ್ರಯೋಗಶಾಲೆಯು, ಸುಡುವ ಬಿಸಿಯನ್ನೂ ಮೆಣಸಿನಕಾಯಿಯ ಖಾರವನ್ನೂ ಒಂದೇ ಬಾಗಿಲಿನಿಂದ ನರಗಳಿಗೆ ತಿಳಿಸುವ ಗ್ರಾಹಕವನ್ನು ಗುರುತಿಸಿತು. ಆ ಸಾಧನೆಗೆ ೨೦೨೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಶುಂಠಿಯ ಜಿಂಜೆರಾಲೂ ಅದೇ ಬಾಗಿಲನ್ನು ತಟ್ಟುವುದೆಂದು ಮುಂದೆ ತಿಳಿದುಬಂದಿತು. ಶುಂಠಿಯನ್ನು ತಿಂದಾಗ ಬಿಸಿಯೆನಿಸುವುದು ಕೇವಲ ಕಲ್ಪನೆಯಲ್ಲ. ನರಕ್ಕೆ ಬಿಸಿಯ ಸುದ್ದಿಯೇ ನಿಜವಾಗಿ ಮುಟ್ಟುತ್ತದೆ.

ಇನ್ನು ತಕ್ಕಡಿಯ ಉತ್ತರವನ್ನು ನೋಡಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿರೋಧವು ಜಾರಿಯಲ್ಲಿತ್ತು. ಔಷಧಗಳಿಗೆ ಮಾತ್ರ ರಿಯಾಯಿತಿಯಿತ್ತು. ಜಮೈಕ ಶುಂಠಿಯ ಸಾರವೆಂಬ ಸಣ್ಣ ಸೀಸೆಯ ಮದ್ದಿನಲ್ಲಿ ಮುಕ್ಕಾಲು ಪಾಲಿನಷ್ಟು ಮದ್ಯಸಾರವಿರುತ್ತಿತ್ತು. ಕುಡಿತದ ಚಟವುಳ್ಳ ಬಡವರು ಅದನ್ನು ಕೊಂಡು ಕುಡಿಯತೊಡಗಿದರು. ಇದನ್ನು ತಡೆಯುವುದಕ್ಕಾಗಿ ಸರಕಾರವು, ಸಾರದಲ್ಲಿ ಶುಂಠಿಯ ಘನಾಂಶವು ಬಾಯಿಗಿಡಲಾಗದಷ್ಟು ಹೆಚ್ಚಾಗಿರಬೇಕೆಂದು ವಿಧಿಸಿತು. ಪರೀಕ್ಷೆಯ ಕ್ರಮವೇನೆಂದರೆ, ಅಧಿಕಾರಿಗಳು ಸೀಸೆಯ ದ್ರವವನ್ನು ಕಾಯಿಸಿ, ಇಂಗಿದ ಮೇಲೆ ಉಳಿದ ಶೇಷವನ್ನು ತೂಗುವರು. ತೂಕವು ಸರಿಯಾಗಿದ್ದರೆ ಮದ್ದೂ ಸರಿಯೆಂದು ಎಣಿಕೆ.

ತೂಕವೊಂದೇ ಸಾಕೆಂದ ಮೇಲೆ ಶುಂಠಿಯೇ ಏತಕ್ಕೆ? ವ್ಯಾಪಾರಿಗಳು ಶುಂಠಿಯನ್ನು ಕಡಮೆಮಾಡಿ ಕಾಕಂಬಿ, ಗ್ಲಿಸರಿನ್, ಹರಳೆಣ್ಣೆಗಳನ್ನು ಬೆರಸಿ ತೂಕವನ್ನು ತುಂಬಿದರು. ಬಾಸ್ಟನ್ ನಗರದ ಇಬ್ಬರು ವ್ಯಾಪಾರಿಗಳು ಅದಕ್ಕಿಂತಲೂ ಅನುಕೂಲವಾದ ವಸ್ತುವನ್ನು ಹುಡುಕಿ, ಅರಗು ಬಣ್ಣಗಳ ಕೈಗಾರಿಕೆಯಲ್ಲಿ ಬಳಸುತ್ತಿದ್ದ, ರುಚಿಯೂ ವಾಸನೆಯೂ ಇಲ್ಲದ ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್ ಎಂಬ ಎಣ್ಣೆಯನ್ನು ಸೇರಿಸಿದರು. ಅದು ನಿರುಪದ್ರವವೆಂದು ಆಗ ತಿಳಿಯಲಾಗಿತ್ತು. ವಾಸ್ತವವಾಗಿ ಅದು ನರಗಳನ್ನು ಕೊಲ್ಲುವ ವಿಷ.

೧೯೩೦ರ ಆರಂಭದಲ್ಲಿ ಒಕ್ಲಹೋಮ ನಗರದಲ್ಲಿಯೂ ನೆರೆಯ ಪ್ರಾಂತಗಳಲ್ಲಿಯೂ ಜನರು ಕಾಲಿನ ಸ್ವಾಧೀನವನ್ನು ಕಳೆದುಕೊಂಡು ವೈದ್ಯರಲ್ಲಿಗೆ ಬರತೊಡಗಿದರು. ಮೊದಲು ಮೀನಖಂಡದಲ್ಲಿ ನೋವು. ಬಳಿಕ ಪಾದಗಳು ಜೋಲುಬೀಳುವುವು. ಕೆಲವರಿಗೆ ಕೈಗಳೂ ನಿಶ್ಶಕ್ತವಾದವು. ಪಾದವನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತ ನಡೆಯುವ ಅವರ ನಡಿಗೆಗೆ, ಆ ಮದ್ದಿನ ಆಡುಹೆಸರಾದ ಜೇಕ್ ಎಂಬುದರಿಂದ, ಜೇಕ್ ನಡಿಗೆಯೆಂದು ಹೆಸರಾಯಿತು. ಪೀಡಿತರ ಸಂಖ್ಯೆಯನ್ನು ೩೦,೦೦೦ದಿಂದ ೫೦,೦೦೦ದವರೆಗೆ ಅಂದಾಜು ಮಾಡಿರುವರು. ಅವರಲ್ಲಿ ಬಹುಮಂದಿ ಬಡವರು. ಅನೇಕರು ಬಾಳಿನುದ್ದಕ್ಕೂ ಊರುಗೋಲಿನವರಾದರು. ಕುಡುಕರಿಗೆ ತಕ್ಕ ಶಾಸ್ತಿಯಾಯಿತೆಂಬ ಭಾವನೆಯು ಸಮಾಜದಲ್ಲಿ ಹರಡಿದ್ದುದರಿಂದ ಅವರಿಗೆ ಪರಿಹಾರವೂ ದೊರೆಯಲಿಲ್ಲ.

ಮೊದಮೊದಲು ಇದಕ್ಕೆ ಶುಂಠಿವಾತವೆಂಬ ಅರ್ಥದ ಹೆಸರೇ ಬಿದ್ದಿತು; ಎರಡು ಸಹಸ್ರ ವರ್ಷಗಳ ಕೀರ್ತಿಯುಳ್ಳ ಮದ್ದು ಅಪರಾಧಿಯ ಸ್ಥಾನದಲ್ಲಿ ನಿಂತಿತು. ಅದನ್ನು ಬಿಡಿಸಿದುದು ಪ್ರಯೋಗಶಾಲೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ಮಾರಿಸ್ ಸ್ಮಿತ್ ಮತ್ತು ಎಲಿಯಾಸ್ ಎಲ್ವೋವ್ ಎಂಬವರು ಸೀಸೆಯ ದ್ರವವನ್ನು ಬಿಡಿಸಿ, ಪ್ರಾಣಿಗಳ ಮೇಲೆ ಪರೀಕ್ಷಿಸಿ, ದೋಷವು ಶುಂಠಿಯದಲ್ಲ, ಬೆರಕೆಯಾದ ಫಾಸ್ಫೇಟಿನದೆಂದು ಅದೇ ೧೯೩೦ರಲ್ಲಿ ತೋರಿಸಿಕೊಟ್ಟರು. ಬಾಸ್ಟನ್ನಿನ ವ್ಯಾಪಾರಿಗಳಿಗೆ ಆದ ಶಿಕ್ಷೆಯು ೧,೦೦೦ ಡಾಲರುಗಳ ದಂಡ ಮತ್ತು ಅಮಾನತಿನಲ್ಲಿಟ್ಟ ಎರಡು ವರ್ಷಗಳ ಸೆರೆ. ಮಾರುವ ಮುನ್ನ ಔಷಧವು ನಿರಪಾಯವೆಂದು ತೋರಿಸಬೇಕೆಂಬ ಕಾನೂನು ಆ ದೇಶದಲ್ಲಿ ಬಂದುದು, ಸಲ್ಫನಿಲಮೈಡ್ ಎಂಬ ಮದ್ದಿನ ವಿಷಮಿಶ್ರಿತ ದ್ರಾವಣದಿಂದ ೧೯೩೭ರಲ್ಲಿ ನೂರಕ್ಕೂ ಹೆಚ್ಚು ಮಂದಿ ಮಡಿದ ಮೇಲೆ, ೧೯೩೮ರಲ್ಲಿ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿರಲಿಲ್ಲ. ಕಾಕತಾಳೀಯವಾಗಿ ಅದೇ ೧೯೩೦ರಲ್ಲಿ ಭಾರತದಲ್ಲಿಯೂ, ಪೇಟೆಯಲ್ಲಿ ಮಾರುವ ಔಷಧಗಳ ಕಲಬೆರಕೆಯನ್ನು ವಿಚಾರಿಸುವುದಕ್ಕಾಗಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ಅದರ ವರದಿಯು ೧೯೩೧ರಲ್ಲಿ ಬಂದಿತು. ಔಷಧಗಳ ಕಾನೂನು ೧೯೪೦ರಲ್ಲಿ ಆಯಿತು. ನಾಡಮದ್ದುಗಳ ಶಾಸ್ತ್ರೀಯ ಪರೀಕ್ಷೆಗೆ ಬಾಳನ್ನು ಮುಡಿಪಿಟ್ಟ ಚೋಪ್ರಾ ಅವರು, ಹಳೆಯ ಮದ್ದೆಂಬ ಕಾರಣಕ್ಕೆ ಯಾವುದನ್ನೂ ತಳ್ಳಲಿಲ್ಲ. ಹಳೆಯದೆಂಬ ಕಾರಣಕ್ಕೆ ಪರೀಕ್ಷೆಯಿಂದ ಬಿಡಲೂ ಇಲ್ಲ.

ಶುಂಠಿಯ ಔಷಧಗುಣವೂ ಕಡೆಗೆ ಅಂತಹ ಪರೀಕ್ಷೆಗೆ ಒಳಗಾಯಿತು. ೧೯೮೨ರಲ್ಲಿ ಅಮೆರಿಕದ ಮೌರಿ ಮತ್ತು ಕ್ಲೇಸನ್ ಎಂಬವರು, ಪ್ರಯಾಣದಲ್ಲಿ ಬೇಗ ವಾಕರಿಕೆಗೊಳ್ಳುವ ೩೬ ಮಂದಿ ವಿದ್ಯಾರ್ಥಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದರು. ೯೪೦ ಮಿಲಿಗ್ರಾಂ ಶುಂಠಿಯ ಪುಡಿಯನ್ನು ತಿಂದವರು, ಪೇಟೆಯ ಮಾತ್ರೆಯನ್ನು ತಿಂದವರಿಗಿಂತ ಹೆಚ್ಚು ಹೊತ್ತು ಸಹಿಸಿದರು. ೧೯೮೮ರಲ್ಲಿ ಡೆನ್ಮಾರ್ಕಿನ ೮೦ ಮಂದಿ ನೌಕಾಶಿಕ್ಷಣದ ಯುವಕರಿಗೆ ಬಿರುಸಾದ ಸಮುದ್ರದಲ್ಲಿ ನಡೆಸಿದ ಪರೀಕ್ಷೆಯಲ್ಲಿಯೂ, ೧ ಗ್ರಾಂ ಶುಂಠಿಯಿಂದ ವಾಂತಿಯು ಕಡಮೆಯಾಯಿತು. ಆದರೆ ೧೯೯೧ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ತಿರುಗುವ ಕುರ್ಚಿಯ ವಾಕರಿಕೆಗೆ ಶುಂಠಿಯು ಉಪಯೋಗಕ್ಕೆ ಬರಲಿಲ್ಲ. ಗರ್ಭಿಣಿಯರ ವಾಕರಿಕೆಗೆ ಶುಂಠಿಯು ಸ್ವಲ್ಪಮಟ್ಟಿಗೆ ಉಪಶಮನವನ್ನು ಕೊಡುವುದೆಂದು ಹಲವು ಪರೀಕ್ಷೆಗಳು ಸೂಚಿಸಿವೆ. ಕ್ಯಾನ್ಸರಿನ ಚಿಕಿತ್ಸೆಯನ್ನು ಪಡೆಯುತ್ತಿದ್ದ ೫೭೬ ಮಂದಿಯ ವಿಷಯವಾಗಿ ೨೦೧೨ರಲ್ಲಿ ಬಂದ ವರದಿಯಲ್ಲಿ, ದಿನಕ್ಕೆ ಅರ್ಧ ಅಥವಾ ೧ ಗ್ರಾಂ ಸೇವಿಸಿದವರಿಗೆ ಆದ ಹಿತವು ಒಂದೂವರೆ ಗ್ರಾಂ ಸೇವಿಸಿದವರಿಗೆ ಆದುದಕ್ಕಿಂತ ಹೆಚ್ಚಾಗಿತ್ತು. ವಾಂತಿಯನ್ನು ಪ್ರಚೋದಿಸುವ ಒಂದು ಬಗೆಯ ನರಗ್ರಾಹಕಗಳನ್ನು ಶುಂಠಿಯ ಕಟುದ್ರವ್ಯಗಳು ತಡೆಯುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ಆದುದರಿಂದ ವಿಶ್ವಭೇಷಜವೆಂಬ ಬಿರುದನ್ನು ಅಕ್ಷರಶಃ ನಂಬಬೇಕಾದುದಿಲ್ಲ. ವಾಕರಿಕೆ, ಅಜೀರ್ಣಗಳ ವಿಷಯದಲ್ಲಿ ಅದನ್ನು ಹಗುರವಾಗಿ ಕಾಣಲೂ ಕಾರಣವಿಲ್ಲ. ಪ್ರಮಾಣವರಿತು ಬಳಸಿದರೆ ಹಿತ; ರಕ್ತವು ಹೆಪ್ಪುಗಟ್ಟದಂತೆ ಮಾಡುವ ಔಷಧವನ್ನು ಸೇವಿಸುತ್ತಿರುವವರು ಅಡುಗೆಯ ಮಿತಿಯನ್ನು ಮೀರುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು.

ಈಗ ನಮ್ಮ ಮಲೆನಾಡು, ಕೊಡಗು, ಹಾಸನಗಳ ಹೊಲಗಳಿಂದ ಬಂಡಿಗಟ್ಟಲೆ ಶುಂಠಿಯು ಪೇಟೆಗೆ ಬರುತ್ತದೆ. ಇಡಿಯ ಗಡ್ಡೆಯನ್ನು ಕೊಳ್ಳುವವರಿಗೆ ಪೂರ್ವಿಕರ ನಾಲಗೆಯೇ ಸಾಕು. ಅದು ಪುಡಿಯಾಗಿ, ಸಾರವಾಗಿ, ಗುಳಿಗೆಯಾಗಿ, ಮುದ್ರೆಯೊತ್ತಿದ ಸೀಸೆಯೊಳಗೆ ಸೇರಿದ ಮೇಲೆ ನಾಲಗೆಯ ಅಧಿಕಾರವು ಅಲ್ಲಿ ನಡೆಯದು. ಒಕ್ಲಹೋಮದ ಬಡವರ ಸೀಸೆಯ ಮೇಲೆಯೂ ಶುಂಠಿಯ ಹೆಸರಿತ್ತು. ತೂಕವೂ ಕಾನೂನಿಗೆ ಸರಿಯಾಗಿತ್ತು. ಒಳಗೆ ಏನಿದೆಯೆಂದು ಯಾರೂ ಕೇಳಿರಲಿಲ್ಲ. ಮದ್ದನ್ನು ಮಾಡುವವರನ್ನೂ ಮಾರುವವರನ್ನೂ ಆ ಮಾತನ್ನು ಕೇಳುವ ಹಕ್ಕು ಕೊಳ್ಳುವವರಾದ ನಮ್ಮೆಲ್ಲರಿಗೂ ಉಂಟು.